ಗೋಚರತೆ

ಹಗಲಿನಲ್ಲಿ ನಕ್ಷತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಚಿಕ್ಕ ಮಕ್ಕಳು ಕೇಳುವುದುಂಟು. ಅವು ಎಲ್ಲಿಗೂ ಹೋಗುವುದಿಲ್ಲ. ಇರುಳಿನಲ್ಲಿ ನಮ್ಮೆಡೆಗೆ ಎಷ್ಟು ಬೆಳಕನ್ನು ಕಳುಹಿಸುತ್ತವೆಯೋ ಹಗಲಿನಲ್ಲಿಯೂ ಅಷ್ಟನ್ನೇ ಕಳುಹಿಸುತ್ತಿರುತ್ತವೆ. ಆದರೆ ವಾಯುಮಂಡಲದಲ್ಲಿ ಚದರಿದ ಸೂರ್ಯನ ಬೆಳಕಿನಿಂದ ಇಡೀ ಆಕಾಶವೇ ಹೊಳೆಯುತ್ತಿರುವಾಗ ಆ ಸಣ್ಣ ಚುಕ್ಕಿಯನ್ನು ಬೇರ್ಪಡಿಸಿ ಗುರುತಿಸಲು ಕಣ್ಣಿಗೆ ಸಾಧ್ಯವಾಗುವುದಿಲ್ಲ. ವಸ್ತುವೊಂದು ಇರುವುದು ಬೇರೆ, ಅದು ಕಾಣುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಣುವ ಕ್ರಿಯೆಯಲ್ಲಿ ನಾಲ್ಕು ಅಂಗಗಳಿವೆ: ವಸ್ತು, ಅದರ ಹಿನ್ನೆಲೆ, ನಡುವಣ ಮಾಧ್ಯಮ, ನೋಡುವವನು. ಇವುಗಳಲ್ಲಿ ಯಾವುದೊಂದು ಪ್ರತಿಕೂಲವಾದರೂ ಗೋಚರತೆ ಕುಂದುತ್ತದೆ. ಇವನ್ನು ಕ್ರಮವಾಗಿ ಪರಿಶೀಲಿಸುತ್ತ ಹೊರಟರೆ ನಾವು ಭೌತವಿಜ್ಞಾನದಿಂದ ತೊಡಗಿ ರಸ್ತೆಯನ್ನೂ ದೇವಾಲಯವನ್ನೂ ಹಾದು ಸಮಾಜದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ವೈದೃಶ್ಯವೆಂದರೇನು?

ಕರಿಯ ಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಬರೆದುದು ಕೊಠಡಿಯ ಕೊನೆಯ ಬೆಂಚಿಗೂ ಕಾಣುತ್ತದೆ. ಬಿಳಿಯ ಗೋಡೆಯ ಮೇಲೆ ಅದೇ ಸುಣ್ಣದಿಂದ ಬರೆದರೆ ಹತ್ತಿರ ನಿಂತವನಿಗೂ ಕಾಣದು. ವಸ್ತುವಿನ ಉಜ್ಜ್ವಲತೆಗೂ ಹಿನ್ನೆಲೆಯ ಉಜ್ಜ್ವಲತೆಗೂ ಇರುವ ವ್ಯತ್ಯಾಸವನ್ನು ಹಿನ್ನೆಲೆಯ ಉಜ್ಜ್ವಲತೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ವೈದೃಶ್ಯವೆಂದು ಹೆಸರು. ಈ ವೈದೃಶ್ಯವು ಸುಮಾರು ನೂರಕ್ಕೆ ಎರಡರಷ್ಟಕ್ಕಿಂತ ಕಡಮೆಯಾದರೆ ಕಣ್ಣು ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸಲಾರದೆಂದು ಇಟ್ಟುಕೊಂಡು ಲೆಕ್ಕ ಹಾಕುವುದು ರೂಢಿ.

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿದರೆ ಹತ್ತಿರದ ಬೆಟ್ಟ ಕಡುಹಸುರಾಗಿಯೂ ಅದರ ಹಿಂದಿನದು ನೀಲಿಯಾಗಿಯೂ ಇನ್ನೂ ಹಿಂದಿನವು ಮಸುಕುಮಸುಕಾಗಿಯೂ ಕಂಡು, ಕೊನೆಯ ಸಾಲು ಆಕಾಶದಲ್ಲಿ ಕರಗಿಹೋದಂತಿರುತ್ತದೆ. ನಡುವಣ ಗಾಳಿಯಲ್ಲಿರುವ ಕಣಗಳು ಬೆಟ್ಟದಿಂದ ಬರುವ ಬೆಳಕನ್ನು ಅತ್ತಿತ್ತ ಚದರಿಸುವುದಲ್ಲದೆ, ಸೂರ್ಯನ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸಿ ಬೆಟ್ಟದ ಮೇಲೆ ಬೆಳಕಿನ ತೆರೆಯೊಂದನ್ನು ಎಳೆಯುತ್ತವೆ. ದೂರ ಹೆಚ್ಚಿದಂತೆ ವೈದೃಶ್ಯವು ಯಾವ ಕ್ರಮದಲ್ಲಿ ಇಳಿಯುತ್ತದೆಂಬುದರ ಸೂತ್ರವನ್ನು 1924ರಲ್ಲಿ ಜರ್ಮನಿಯ ಕೊಶ್ಮೀಡರ್ ಎಂಬಾತನು ಕೊಟ್ಟನು. ಸಮದೂರಗಳಲ್ಲಿ ವೈದೃಶ್ಯವು ಒಂದೇ ಪ್ರಮಾಣದಿಂದ ಕುಗ್ಗುತ್ತ ಹೋಗುತ್ತದೆ. ಗೋಚರತೆ 100 ಮೀಟರ್ ಇರುವ ಮಂಜಿನಲ್ಲಿ ಕಪ್ಪು ವಸ್ತುವೊಂದರ ವೈದೃಶ್ಯವು 25 ಮೀಟರ್ ದೂರದಲ್ಲಿ ನೂರಕ್ಕೆ 38, 50 ಮೀಟರಿನಲ್ಲಿ 14, 100 ಮೀಟರಿನಲ್ಲಿ 2 ಆಗಿರುತ್ತದೆ.

ಮಂಜು ಮತ್ತು ಮಾರ್ಗ

ಗೋಚರತೆ 1000 ಮೀಟರಿಗಿಂತ ಕಡಮೆಯಾದಾಗ ಅದನ್ನು ಹವಾಮಾನಶಾಸ್ತ್ರಜ್ಞರು ಮಂಜೆಂದು ಕರೆಯುತ್ತಾರೆ. 200 ಮೀಟರಿಗಿಂತ ಇಳಿದರೆ ಅದು ದಟ್ಟವಾದ ಮಂಜು. ಹಗಲಿನ ಗೋಚರತೆಯ ಈ ಅಂಕಿಯು ಆಕಾಶದ ಹಿನ್ನೆಲೆಯಲ್ಲಿ ನಿಂತ ಕಪ್ಪು ವಸ್ತುವಿಗೆ ಅನ್ವಯಿಸತಕ್ಕದ್ದು ಎಂಬುದನ್ನು ಬಹುಮಂದಿ ಅರಿಯರು. ರಸ್ತೆಯ ಮೇಲಿನ ವಸ್ತುಗಳೆಲ್ಲ ಕಪ್ಪಾಗಿರುವುದಿಲ್ಲ. ಧೂಳು ಹಿಡಿದ ಬೂದುಬಣ್ಣದ ಗಾಡಿಯೊಂದರ ವೈದೃಶ್ಯವು ಹತ್ತಿರದಲ್ಲಿಯೇ ನೂರಕ್ಕೆ 20 ಮಾತ್ರ ಇದ್ದರೆ, ಗೋಚರತೆ 100 ಮೀಟರ್ ಇರುವ ಮಂಜಿನಲ್ಲಿ ಅದು ಕಾಣತೊಡಗುವುದು ಸುಮಾರು 59 ಮೀಟರ್ ದೂರದಿಂದ.

ಈಗ ವಾಹನದ ಲೆಕ್ಕವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಪಾಯವನ್ನು ಕಂಡು ಬ್ರೇಕ್ ತುಳಿಯುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿತೆಂದರೆ ಅಷ್ಟರಲ್ಲಿಯೇ ವಾಹನ 25 ಮೀಟರ್ ಮುಂದೆ ಹೋಗಿರುತ್ತದೆ. ವೇಗವು ಸೆಕೆಂಡಿಗೆ 5 ಮೀಟರಿನಂತೆ ತಗ್ಗುವುದಾದರೆ ನಿಲ್ಲಲು ಇನ್ನೂ 28 ಮೀಟರ್ ಬೇಕು. ಒಟ್ಟು 53 ಮೀಟರ್. ಗಾಡಿಯಿಂದ ಆರು ಮೀಟರ್ ಈಚೆಗೆ ವಾಹನ ಹೇಗೋ ನಿಂತಿತು. ವೇಗ 70 ಕಿಲೋಮೀಟರ್ ಆಗಿದ್ದರೆ ಬೇಕಾಗುವ ದೂರ 67 ಮೀಟರ್, ಡಿಕ್ಕಿ ತಪ್ಪದು. ರಸ್ತೆ ನೆನೆದು ಬ್ರೇಕಿನ ಹಿಡಿತ ಸೆಕೆಂಡಿಗೆ 3 ಮೀಟರಿಗೆ ಇಳಿದರಂತೂ 60ರ ವೇಗದಲ್ಲಿಯೇ 71 ಮೀಟರ್ ಬೇಕಾಗುತ್ತದೆ. ಗಂಟೆಗೆ ಹತ್ತು ಕಿಲೋಮೀಟರ್ ಉಳಿಸಿಕೊಳ್ಳುವ ಆತುರದ ಬೆಲೆ ಏನೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಮಂಜಿನಲ್ಲಿ ದೀಪವನ್ನು ಪೂರ್ತಿ ಪ್ರಖರವಾಗಿ ಹಚ್ಚಿದರೆ ಚೆನ್ನಾಗಿ ಕಾಣುವುದೆಂಬ ನಂಬಿಕೆಯೂ ತಪ್ಪು. ಹನಿಗಳು ಆ ಬೆಳಕನ್ನು ಚಾಲಕನ ಕಣ್ಣಿಗೇ ಹಿಂದಿರುಗಿಸುವುದರಿಂದ ಬೆಳಕಿನ ತೆರೆ ಇನ್ನಷ್ಟು ದಪ್ಪವಾಗುತ್ತದೆ. ದೀಪವನ್ನು ಕೆಳಮುಖವಾಗಿ ಡಿಪ್ ಮಾಡುವುದೇ ಸರಿ. ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬುದಕ್ಕೂ ಆಧಾರ ಸಾಲದು. ಮಂಜಿನ ಹನಿಗಳ ಗಾತ್ರ ಬೆಳಕಿನ ತರಂಗಾಂತರಕ್ಕಿಂತ ಬಹು ದೊಡ್ಡದಾದುದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿಯೇ ಚದರಿಸುತ್ತವೆ. ಮಂಜು ಬೆಳ್ಳಗೆ ತೋರುವುದೂ ಇದರಿಂದಲೇ.

ಕಣ್ಣು ಸೋತಲ್ಲಿ ಬೇರೆ ಉಪಾಯವನ್ನು ಹುಡುಕಬೇಕಾಗುತ್ತದೆ. ಕೈಕಂಬ ಹತ್ತಿರವಾಯಿತೆಂದು ರೈಲಿನ ಚಾಲಕನಿಗೆ ತಿಳಿಸಲು ಹಳಿಯ ಮೇಲೆ ಪಟಾಕಿಗಳನ್ನಿರಿಸುವ ಕ್ರಮವು ಎಡ್ವರ್ಡ್ ಕೌಪರ್ ಎಂಬ ಇಂಗ್ಲಿಷ್ ಎಂಜಿನಿಯರು 1841ರಲ್ಲಿ ಕಂಡುಹಿಡಿದದ್ದು. ಗಾಲಿ ಹತ್ತಿದೊಡನೆ ಅವು ಸಿಡಿಯುತ್ತವೆ. ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತದೆ. ವಿಮಾನಕ್ಕೆ ರೇಡಿಯೋ ತರಂಗಗಳು ದಾರಿ ತೋರುತ್ತವೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣದ ಓಡುದಾರಿಗೆ 2020ರ ಡಿಸೆಂಬರಿನಲ್ಲಿ ಇಂತಹ ಸುಧಾರಿತ ವ್ಯವಸ್ಥೆ ಬಂದ ಬಳಿಕ, ಹಿಂದೆ 550 ಮೀಟರ್ ಗೋಚರತೆ ಬೇಕಾಗುತ್ತಿದ್ದ ಇಳಿಯುವಿಕೆಯು 50 ಮೀಟರಿನಲ್ಲಿಯೂ ಸಾಧ್ಯವಾಯಿತು.

ದರ್ಶನ

ಧರ್ಮಕ್ಕೂ ಗೋಚರತೆಗೂ ಇರುವ ನಂಟು ಹಳೆಯದು. ರಂಜಾನ್ ತಿಂಗಳ ಆದಿಯನ್ನೂ ಅಂತ್ಯವನ್ನೂ ಬಾಲಚಂದ್ರನ ದರ್ಶನದಿಂದ ನಿರ್ಣಯಿಸುವುದು ಮುಸಲ್ಮಾನರ ಸಂಪ್ರದಾಯ. ಚಂದ್ರನು ಸೂರ್ಯನಿಂದ ದಿನಕ್ಕೆ ಸುಮಾರು 12 ಡಿಗ್ರಿ ದೂರ ಸರಿಯುತ್ತಾನೆ. ಇಬ್ಬರ ನಡುವಣ ಕೋನ ಸುಮಾರು 7 ಡಿಗ್ರಿಗಿಂತ ಕಡಮೆಯಿದ್ದರೆ ಬರಿಗಣ್ಣಿಗೆ ಚಂದ್ರರೇಖೆ ಕಾಣದೆಂದು ಫ್ರೆಂಚ್ ಖಗೋಳಜ್ಞ ಡಾಂಜೋನನು 1930ರ ದಶಕದಲ್ಲಿ ತೋರಿಸಿದನು. ಪಶ್ಚಿಮದ ನಾಡುಗಳಲ್ಲಿ ಸೂರ್ಯಾಸ್ತವು ತಡವಾಗಿ ಆಗುವುದರಿಂದ ಅಷ್ಟರಲ್ಲಿ ಚಂದ್ರನು ಇನ್ನಷ್ಟು ಸರಿದಿರುತ್ತಾನೆ. ಒಂದು ದೇಶದಲ್ಲಿ ಕಾಣದ ಚಂದ್ರನು ಅದೇ ಸಂಜೆ ಇನ್ನೊಂದು ದೇಶದಲ್ಲಿ ಕಾಣುವುದು ಹೀಗೆ.

ನಮ್ಮ ಹಳೆಯ ದೇವಾಲಯಗಳಲ್ಲಿ ಗರ್ಭಗುಡಿಯು ಕತ್ತಲಾಗಿರುತ್ತದೆ. ಹೊರಗಿನ ಬಿಸಿಲಿನಿಂದ ಮಬ್ಬಾದ ನವರಂಗಕ್ಕೆ ಬಂದು ಸ್ವಲ್ಪ ಹೊತ್ತು ನಿಂತವನ ಕಣ್ಣಿನ ಪಾಪೆ ಅರಳಿ, ಅಕ್ಷಿಪಟಲವು ಮೆಲ್ಲಮೆಲ್ಲನೆ ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಗ ಮಂಗಳಾರತಿಯ ಒಂದು ಸೊಡರು ಸಾಕು, ಮೂರ್ತಿ ಎದ್ದುಕಾಣುತ್ತದೆ.

ಆದರೆ ಆ ಸೊಡರಿನ ಮುಂದೆ ನಿಲ್ಲುವ ಅವಕಾಶ ಎಲ್ಲರಿಗೂ ಇತ್ತೆ? ಉಡುಪಿಯಲ್ಲಿ ಕನಕದಾಸರನ್ನು ಒಳಗೆ ಬಿಡಲಿಲ್ಲವೆಂದೂ, ಗೋಡೆ ಬಿರಿದು ಕೃಷ್ಣನು ಅವರತ್ತ ತಿರುಗಿದನೆಂದೂ ಐತಿಹ್ಯ. ಇಂದಿಗೂ ಭಕ್ತರು ಕನಕನ ಕಿಂಡಿಯ ಮುಂದೆ ನಿಲ್ಲುತ್ತಾರೆ. ನೋಡಗೊಡದೆ ಇದ್ದ ಗೋಡೆಯನ್ನು ಮಂಜು ಕಟ್ಟಿರಲಿಲ್ಲ, ಮನುಷ್ಯರು ಕಟ್ಟಿದ್ದರು.

ಕಾಣದ ಜನ

ನಾಲ್ಕನೆಯ ಅಂಗವಾದ ನೋಡುವವನ ವಿಚಾರಕ್ಕೆ ನಾವೀಗ ಬಂದೆವು. ತಿರುನೆಲ್ವೇಲಿ ಜಿಲ್ಲೆಯಲ್ಲಿ ಹಗಲು ಹೊತ್ತು ಹೊರಗೆ ಬರಕೂಡದೆಂಬ ಕಟ್ಟಿಗೆ ಒಳಗಾದ ಅಗಸರ ಒಂದು ಸಮುದಾಯವಿದ್ದುದು 1932ರಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು. ಅವರನ್ನು ಕಂಡರೇ ಮೈಲಿಗೆಯೆಂಬ ಭಾವನೆಯಿಂದ ಅವರು ಇರುಳಿನಲ್ಲಿಯೇ ಕೆಲಸ ಮಾಡಬೇಕಾಗಿತ್ತು. ಒಗೆದ ಬಟ್ಟೆ ಕಾಣಬಹುದಾಗಿತ್ತು, ಒಗೆದವನು ಕಾಣಬಾರದಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು.

ಕಣ್ಣೆದುರಿಗಿದ್ದೂ ಲೆಕ್ಕಕ್ಕೆ ಬಾರದಿರುವುದು ಅಗೋಚರತೆಯ ಇನ್ನೊಂದು ಬಗೆ. 2019ರಲ್ಲಿ ಭಾರತ ಸರ್ಕಾರವು ಜನರ ದಿನಚರಿಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಕಳೆಯುತ್ತಿದ್ದುದು ಅದರಿಂದ ತಿಳಿದುಬಂದಿತು. ದಿನಕ್ಕೆ ಐದು ಗಂಟೆಯ ದುಡಿಮೆ! ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಇದಕ್ಕೆ ಸ್ಥಾನವಿಲ್ಲ. ಹಗಲಿನ ನಕ್ಷತ್ರಗಳಂತೆ ಅದು ಎಂದಿಗೂ ಇದ್ದೇ ಇದೆ. ಗುರುತಿಸಬಲ್ಲ ಅಳತೆಗೋಲು ಮಾತ್ರ ಬೇಕಾಗಿತ್ತು.

ಚಳಿಗಾಲದ ನಸುಕಿನಲ್ಲಿ ನಗರದ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರ ಅಂಗಿಯ ಮೇಲೆ ಹೊಳೆಯುವ ಪಟ್ಟಿಗಳನ್ನು ವಾಚಕರು ಕಂಡಿರಬಹುದು. ಇಂತಹ ಪಟ್ಟಿಗಳಲ್ಲಿ ಸೂಕ್ಷ್ಮವಾದ ಗಾಜಿನ ಮಣಿಗಳಿರುತ್ತವೆ. ಬಂದ ಬೆಳಕನ್ನು ಅವು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ವಾಹನದ ದೀಪದ ಬೆಳಕು ಚಾಲಕನ ಕಣ್ಣಿಗೇ ಮರಳಿ, ಬೂದುಬಣ್ಣದ ಮುಂಜಾವಿನಲ್ಲಿ ಮನುಷ್ಯನೊಬ್ಬನು ದೂರದಿಂದಲೇ ಕಾಣುತ್ತಾನೆ. ಪೌರಕಾರ್ಮಿಕರಿಗೆ ಅಂತಹ ಅಂಗಿಯನ್ನು ತಪ್ಪದೆ ಒದಗಿಸುವುದು ಆಡಳಿತದ ಹೊಣೆ. ಕಂಡೊಡನೆ ವೇಗವನ್ನು ತಗ್ಗಿಸುವುದು ವಾಹನ ನಡೆಸುವ ನಮ್ಮ ಹೊಣೆ.