ಕೈ ಕಲಿಯುವ ವಿದ್ಯುತ್ ಪಾಠ

ಕಾಲೇಜಿನಲ್ಲಿ ವಿದ್ಯುತ್ಪ್ರವಾಹದ ಅಧ್ಯಾಯವನ್ನು ಹತ್ತು ವರ್ಷಗಳಿಂದ ಬೋಧಿಸುತ್ತ ಬಂದಿರುವ ನಮಗೆ ಆ ವಿಷಯ ಚೆನ್ನಾಗಿ ತಿಳಿದಿದೆಯೆಂಬ ಭಾವನೆಯಿತ್ತು. ಒಂದು ಸಂಜೆ ಬಾಡಿಗೆಮನೆಯ ನಡುಮನೆಯಲ್ಲಿ ದೀಪದ ಹೋಲ್ಡರನ್ನು ಬದಲಾಯಿಸಲು ಹೊರಟಾಗ ಆ ಭಾವನೆ ಇಳಿದುಹೋಯಿತು. ಸ್ವಿಚ್ಚನ್ನು ಆರಿಸಿ, ಸ್ಟೂಲು ಹತ್ತಿ, ಒಂದು ಕೈಯನ್ನು ಗೋಡೆಗೆ ಆನಿಸಿ, ಹಳೆಯ ಹೋಲ್ಡರಿನ ತಿರುಪನ್ನು ಬಿಚ್ಚಿದೆವು. ತಂತಿಗೆ ಬೆರಳು ತಗುಲಿದ ಮರುಕ್ಷಣವೇ ನೆಲದ ಮೇಲಿದ್ದೆವು. ಮೊಣಕೈ ತರಚಿದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ಅದಕ್ಕೆ ಕಾರಣ ನಮ್ಮ ಜಾಣತನವಲ್ಲ. ಕೈಗಳು ಒಣಗಿದ್ದುವು, ಅಷ್ಟೆ.

ಮರುದಿನ ಬಂದ ಎಲೆಕ್ಟ್ರಿಷಿಯನ್ ನಮಗಿಂತ ಕಿರಿಯ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಓದಿ, ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದವನು. ಅವನು ನೇರವಾಗಿ ಹೋಲ್ಡರಿಗೆ ಕೈಹಾಕಲಿಲ್ಲ. ಮೊದಲು ಗೋಡೆಯ ಪ್ಲಗ್ಗಿನಲ್ಲಿ ಟೆಸ್ಟರನ್ನಿಟ್ಟು ಅದರ ಪುಟ್ಟ ದೀಪ ಹತ್ತಿದುದನ್ನು ನೋಡಿದ. ಬಳಿಕ ಹೋಲ್ಡರಿನ ತಂತಿಗಳನ್ನು ಮುಟ್ಟಿಸಿದ. ಸ್ವಿಚ್ಚು ಆರಿದ್ದರೂ ಅಲ್ಲಿ ಟೆಸ್ಟರ್ ಹೊಳೆಯಿತು.

“ಸಾರ್, ನೀವು ದೀಪ ಆರಿಸಿದ್ದಿರಿ, ಲೈನ್ ಆರಿಸಿರಲಿಲ್ಲ” ಎಂದ.

ಅನಂತರ ಮೈನ್ ಸ್ವಿಚ್ಚನ್ನು ತೆಗೆಯುವ ಬದಲು, ಆ ಕೋಣೆಯ ಫ್ಯೂಸನ್ನು ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡು, ಮತ್ತೆ ಪರೀಕ್ಷಿಸಿದ. ಈಗ ಟೆಸ್ಟರ್ ಹೊಳೆಯಲಿಲ್ಲ. ಆದರೂ ಕೆಲಸಕ್ಕೆ ತೊಡಗದೆ ಪಕ್ಕದ ಕೋಣೆಯ ಪ್ಲಗ್ಗಿಗೆ ಹೋಗಿ ಟೆಸ್ಟರನ್ನು ಇನ್ನೊಮ್ಮೆ ಇಟ್ಟುನೋಡಿ ಬಂದ. ಕಾರಣ ಕೇಳಿದೆವು. “ಟೆಸ್ಟರೇ ಸತ್ತಿದ್ದರೂ ದೀಪ ಹತ್ತುವುದಿಲ್ಲವಲ್ಲ, ಸಾರ್” ಎಂದ. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಎಷ್ಟು ಹೇಳಿದರೂ ನಾಟದ ತತ್ತ್ವ ಇದೇ: ಉಪಕರಣ ಏನನ್ನೂ ತೋರಿಸದಿದ್ದರೆ, ಅಳೆಯತಕ್ಕ ವಸ್ತು ಅಲ್ಲಿಲ್ಲವೆಂದೂ ಆಗಬಹುದು, ಉಪಕರಣ ಕೆಟ್ಟಿದೆಯೆಂದೂ ಆಗಬಹುದು. ಇದನ್ನು ಆತನ ಕೈ ಎಲ್ಲಿ ಕಲಿಯಿತು? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಕುಲವಿಲ್ಲದ ಕಸುಬು

ನಮ್ಮ ನಾಡಿನ ಹಳೆಯ ಕಸುಬುಗಳಿಗೆ ಮನೆಯೇ ಪಾಠಶಾಲೆ. ಬಡಗಿಯ ಮಗ ತಂದೆಯ ಉಳಿಯ ಸದ್ದಿನಲ್ಲೇ ಬೆಳೆದು ಮರದ ಎಳೆಯನ್ನು ಅರಿಯುತ್ತಿದ್ದನು. ಕಮ್ಮಾರನ ಮಗ ಕಾದ ಕಬ್ಬಿಣದ ಬಣ್ಣ ನೋಡಿ ಬಡಿಯುವ ಹೊತ್ತನ್ನು ತಿಳಿಯುತ್ತಿದ್ದನು. ಆದರೆ 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ, ಮೂರು ವರ್ಷಗಳ ಬಳಿಕ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದಾಗ, ಈ ಕೆಲಸವನ್ನು ಮಗನಿಗೆ ಕಲಿಸಬಲ್ಲ ತಂದೆ ನಾಡಿನಲ್ಲಿರಲಿಲ್ಲ. ವಿದ್ಯುತ್ತಿನ ಕಸುಬಿಗೆ ಕುಲವಿಲ್ಲ, ಅಜ್ಜನಿಲ್ಲ. ಆದುದರಿಂದ ಇಲ್ಲಿ ಗುರುವಿನ ಸ್ಥಾನವನ್ನು ಸಂಸ್ಥೆಗಳೂ ಕಾನೂನೂ ತುಂಬಬೇಕಾಯಿತು.

ಕುಶಲಕರ್ಮಿಗಳ ತರಬೇತಿಯ ರಾಷ್ಟ್ರೀಯ ಯೋಜನೆ 1950ರಲ್ಲಿ ಆರಂಭವಾಯಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು ಅದರ ಅಂಗ. 1961ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಸರಕಾರದ ಕಡತಗಳಲ್ಲಿ ಅಪ್ರೆಂಟಿಸನನ್ನು ‘ಶಿಶಿಕ್ಷು’ ಎಂದು ಕರೆಯುವರು. ಕಲಿಯಲು ಬಯಸುವವನು ಎಂದು ಇದನ್ನು ಅರ್ಥೈಸಬಹುದು. ಹೆಸರು ತುಸು ಬಿಗಿಯಾದರೂ ಭಾವ ಸರಿಯಾಗಿಯೇ ಇದೆ.

ಹತ್ತನೆಯ ತರಗತಿಯಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಓದಿ ತೇರ್ಗಡೆಯಾದವರು ಎಲೆಕ್ಟ್ರಿಷಿಯನ್ ಶಿಕ್ಷಣಕ್ಕೆ ಸೇರಬಹುದು. ಸಂಸ್ಥೆಯಲ್ಲಿ ಇದರ ಅವಧಿ ಎರಡು ವರ್ಷ. ಮುಂದೆ ಕಾರ್ಖಾನೆಯಲ್ಲೋ ವಿದ್ಯುತ್ ಸರಬರಾಜು ಸಂಸ್ಥೆಯಲ್ಲೋ ಸಾಮಾನ್ಯವಾಗಿ ಒಂದು ವರ್ಷ ಶಿಶಿಕ್ಷುವಾಗಿ ದುಡಿಯುತ್ತಾರೆ. ಸಂಸ್ಥೆಯಲ್ಲಿ ಓದದೆ ನೇರವಾಗಿ ಸೇರುವವರಿಗೆ ಮೊದಲು ಮೂಲ ತರಬೇತಿಯನ್ನು ಕೊಡತಕ್ಕದ್ದೆಂದು ಕಾನೂನು ಹೇಳುತ್ತದೆ. ಹುಡುಗರಂತೆ ಹುಡುಗಿಯರಿಗೂ ಈ ಬಾಗಿಲು ತೆರೆದಿದೆ.

ಈ ಕಲಿಕೆಯಲ್ಲಿ ನಿಜವಾಗಿ ಕಲಿಯುವುದೇನು? ತಂತಿ ಎಳೆಯುವುದು, ಸ್ವಿಚ್ಚು ಕೂರಿಸುವುದು ಎಂದು ನೋಡುವವರಿಗೆ ತೋರಬಹುದು. ಅದರ ಒಳಗಿರುವ ಭೌತಶಾಸ್ತ್ರದ ಮೂರು ಪಾಠಗಳನ್ನು ಮಾತ್ರ ಇಲ್ಲಿ ಪರಿಶೀಲಿಸೋಣ.

ಮೊದಲನೆಯ ಪಾಠ: ಸ್ವಿಚ್ಚಿನ ಸ್ಥಾನ

ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿಸಿರುತ್ತಾರೆ. ಆದಕಾರಣ ಭೂಮಿಗೂ ಫೇಸಿಗೂ ನಡುವೆ 230 ವೋಲ್ಟುಗಳ ಅಂತರ ಸದಾ ಇರುತ್ತದೆ. ನೆಲದ ಮೇಲೆ ನಿಂತು ಫೇಸನ್ನು ಮುಟ್ಟಿದವನು ತಾನೇ ಮಂಡಲದ ಒಂದು ಭಾಗವಾಗಿಬಿಡುತ್ತಾನೆ.

ಸ್ವಿಚ್ಚನ್ನು ಫೇಸಿನಲ್ಲಿಟ್ಟರೂ ನ್ಯೂಟ್ರಲಿನಲ್ಲಿಟ್ಟರೂ ದೀಪ ಹತ್ತುತ್ತದೆ, ಆರುತ್ತದೆ. ಕಾಲೇಜಿನ ಹಲಗೆಯ ಮೇಲೆ ನಾವು ಬರೆಯುವ ಚಿತ್ರದಲ್ಲಿ ಎರಡಕ್ಕೂ ಭೇದವೇ ಇಲ್ಲ. ಮನೆಯಲ್ಲಿ ಭೇದ ಬಹಳ. ಸ್ವಿಚ್ಚು ಫೇಸಿನಲ್ಲಿದ್ದರೆ, ಆರಿಸಿದಾಗ ಹೋಲ್ಡರಿಗೆ ವಿದ್ಯುತ್ತಿನ ಸಂಪರ್ಕ ಕಡಿಯುತ್ತದೆ. ನ್ಯೂಟ್ರಲಿನಲ್ಲಿದ್ದರೆ, ದೀಪ ಆರಿದರೂ ಹೋಲ್ಡರ್ 230 ವೋಲ್ಟಿನಲ್ಲೇ ಕಾದು ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಯಾರೋ ಹೀಗೆಯೇ ಮಾಡಿಹೋಗಿದ್ದರು. ದೀಪ ಸರಿಯಾಗಿ ಹತ್ತುತ್ತಿದ್ದುದರಿಂದ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ.

ಬಣ್ಣವನ್ನು ನಂಬಬಹುದೇ? ನಮ್ಮ ದೇಶದ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಗೆ. ಆದರೆ ಕಪ್ಪು ತಂತಿ ಎಲ್ಲೋ ನಡುವೆ ತುಂಡಾಗಿದ್ದು ದೀಪದ ಸ್ವಿಚ್ಚು ಹಾಕಿದ್ದರೆ, ತುಂಡಿನಿಂದ ಈಚೆಗಿನ ಕಪ್ಪು ತಂತಿಗೂ ದೀಪದ ಮೂಲಕ ಫೇಸು ಬಂದಿರುತ್ತದೆ. ಬಣ್ಣವು ತಂತಿಯನ್ನು ಎಳೆದವನ ಉದ್ದೇಶವನ್ನು ಹೇಳುತ್ತದೆ, ತಂತಿಯ ಇಂದಿನ ಸ್ಥಿತಿಯನ್ನಲ್ಲ. ಆದುದರಿಂದಲೇ ‘ಪರೀಕ್ಷಿಸದೆ ಮುಟ್ಟಬೇಡ’ ಎಂಬುದು ಶಿಶಿಕ್ಷುವಿನ ಮೊದಲ ಮಂತ್ರ. ಅವನ ಟೆಸ್ಟರಿನೊಳಗೆ ಸುಮಾರು ಹತ್ತು ಲಕ್ಷ ಓಮ್ ರೋಧವಿದ್ದರೆ, ಅವನ ಮೈಯ ಮೂಲಕ ಹರಿಯುವ ಪ್ರವಾಹ ಮಿಲಿಆಂಪಿಯರಿನ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ನಿಯಾನ್ ದೀಪದ ಮಿಣುಕಿಗೆ ಅಷ್ಟು ಸಾಕು. ಮನುಷ್ಯನಿಗೆ ಅದು ತಿಳಿಯುವುದೂ ಇಲ್ಲ.

ಎರಡನೆಯ ಪಾಠ: ಬಿಗಿಯಾದ ಜೋಡಣೆ

ತಂತಿಯ ಹೊದಿಕೆಯನ್ನು ಸುಲಿಯುವಾಗ ಒಳಗಿನ ತಾಮ್ರದ ಎಳೆಗಳಿಗೆ ಗಾಯವಾಗಬಾರದು. ತಿರುಪು ಸಡಿಲವೂ ಆಗಬಾರದು, ಎಳೆಗಳು ತುಂಡಾಗುವಷ್ಟು ಬಿಗಿಯೂ ಆಗಬಾರದು. ಹೊಸಬನಿಂದ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಬೇಸರದ ಕೆಲಸವೆಂದು ಅವನು ಗೊಣಗುವುದೂ ಉಂಟು. ಲೆಕ್ಕ ಹಾಕಿ ನೋಡೋಣ.

ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಉಷ್ಣವಾಗಿ ಮಾರ್ಪಡುವ ಸಾಮರ್ಥ್ಯ ಸಿಗುತ್ತದೆ. ಸಡಿಲವಾದ ಒಂದು ಜೋಡಣೆಯ ರೋಧ ಕೇವಲ 0.1 ಓಮ್ ಎಂದಿಟ್ಟುಕೊಳ್ಳಿ. ನೀರು ಕಾಯಿಸುವ ಗೀಸರ್ 15 ಆಂಪಿಯರನ್ನು ಎಳೆದಾಗ ಆ ಜೋಡಣೆಯಲ್ಲಿ 22.5 ವ್ಯಾಟ್ ಉಷ್ಣ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನಿನ ಸಾಮರ್ಥ್ಯ 25 ವ್ಯಾಟ್; ಅದು ಸೀಸ ತವರಗಳನ್ನು ಕರಗಿಸಬಲ್ಲುದು. ಗೋಡೆಯ ಪೆಟ್ಟಿಗೆಯೊಳಗೆ, ಗಾಳಿಯಾಡದ ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ ಅಂಥದೊಂದು ಐರನ್ನನ್ನು ಹಚ್ಚಿಟ್ಟಂತೆ ಆಯಿತು. ಕಾದ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಕಿಲುಬಿನಿಂದ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಂತೆ ಇನ್ನಷ್ಟು ಕಾಯುತ್ತದೆ. ಫ್ಯೂಸಿಗೆ ಇದರ ಸುಳಿವೇ ಇಲ್ಲ, ಏಕೆಂದರೆ ಪ್ರವಾಹ 15 ಆಂಪಿಯರನ್ನು ದಾಟಿಲ್ಲ. ಮನೆಗೆ ಬೆಂಕಿ ಬೀಳಬೇಕೇ ಬೇಡವೇ ಎಂಬುದು ಅರ್ಧ ಸುತ್ತಿನ ತಿರುಪನ್ನು ಅವಲಂಬಿಸಿರಬಹುದು. ಆ ಅರ್ಧ ಸುತ್ತನ್ನು ಯಾವ ಪುಸ್ತಕವೂ ಕಲಿಸಲಾರದು. ತಿರುಪುಳಿ ಹಿಡಿದ ಮಣಿಕಟ್ಟೇ ಅದನ್ನು ಕಲಿಯಬೇಕು. ಪಕ್ಕದಲ್ಲಿ ನಿಂತ ಹಿರಿಯನು ತಂತಿಯನ್ನು ಜಗ್ಗಿನೋಡಿ “ಇನ್ನೊಮ್ಮೆ ಮಾಡು” ಎನ್ನಬೇಕು.

ಮೂರನೆಯ ಪಾಠ: ಫ್ಯೂಸ್ ಯಾರ ಕಾವಲುಗಾರ?

ಫ್ಯೂಸ್ ಇದ್ದಮೇಲೆ ಮನುಷ್ಯನಿಗೆ ಅಪಾಯವಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಒದ್ದೆಯಾದ ಮೈಯ ರೋಧ ಸುಮಾರು 1000 ಓಮಿನಷ್ಟಕ್ಕೆ ಇಳಿಯಬಲ್ಲುದು. ಆಗ 230 ವೋಲ್ಟಿಗೆ ಮೈಯಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿಗೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದಂತೆ ಆಗಬಹುದು. 50 ಮಿಲಿಆಂಪಿಯರನ್ನು ಮೀರಿದ ಪ್ರವಾಹ ಎದೆಯ ಮೂಲಕ ಕೆಲವು ಸೆಕೆಂಡು ಹರಿದರೆ ಹೃದಯದ ಬಡಿತ ತಾಳತಪ್ಪಿ ಪ್ರಾಣವೇ ಹೋಗಬಹುದು. ದೀಪಗಳ ಮಂಡಲದ 5 ಆಂಪಿಯರ್ ಫ್ಯೂಸಿಗಾದರೋ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಮನುಷ್ಯ ಸಾಯುತ್ತಿದ್ದರೂ ಅದು ತಣ್ಣಗೆ ಕುಳಿತಿರುತ್ತದೆ. ಫ್ಯೂಸಾಗಲಿ, ಇಂದಿನ ಎಂ.ಸಿ.ಬಿ.ಯಾಗಲಿ ಮುಖ್ಯವಾಗಿ ತಂತಿಯ ಕಾವಲುಗಾರ, ಮನುಷ್ಯನದಲ್ಲ.

ಅರ್ತ್ ತಂತಿಯ ಕತೆಯೂ ಹೀಗೆಯೇ ಸೂಕ್ಷ್ಮವಾದುದು. ಗೀಸರಿನ ಒಳಗಿನ ಫೇಸು ಅದರ ಲೋಹದ ಮೈಗೆ ತಗುಲಿದರೆ, ಅರ್ತ್ ತಂತಿ ಆ ಪ್ರವಾಹವನ್ನು ಭೂಮಿಗೆ ಹರಿಸಿ ಫ್ಯೂಸನ್ನು ಹಾರಿಸಬೇಕು. ಈ ಹಾದಿಯ ಒಟ್ಟು ರೋಧ 1 ಓಮ್ ಇದ್ದರೆ 230 ಆಂಪಿಯರ್ ಹರಿದು ಫ್ಯೂಸ್ ಕ್ಷಣದಲ್ಲಿ ಹಾರುತ್ತದೆ. ಬೇಸಗೆಯಲ್ಲಿ ಅರ್ತಿನ ಗುಂಡಿ ಒಣಗಿ ರೋಧ 20 ಓಮಿಗೆ ಏರಿತೆನ್ನಿ; ಆಗ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸ್ ಹಾರುವುದಿಲ್ಲ. ಸ್ನಾನದ ಮನೆಯ ಗೀಸರಿನ ಮೈ ಮಾತ್ರ ಮಾರಕವಾಗಿಯೇ ಉಳಿಯುತ್ತದೆ. ಹಸಿರು ತಂತಿ ಇದೆಯೆಂಬುದು ಕಣ್ಣಿಗೆ ಕಾಣುತ್ತದೆ. ಅದು ಕೆಲಸ ಮಾಡುವುದೋ ಇಲ್ಲವೋ ಎಂಬುದು ಅಳೆದವನಿಗೆ ಮಾತ್ರ ತಿಳಿಯುತ್ತದೆ. ಈ ಕೊರತೆಯನ್ನು ನೀಗಿಸಲು ಆರ್.ಸಿ.ಸಿ.ಬಿ. ಎಂಬ ಸಾಧನ ಬಂದಿದೆ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಅದು ತಾಳೆ ನೋಡುತ್ತದೆ. ಮನುಷ್ಯನ ರಕ್ಷಣೆಗಾಗಿ ಮನೆಗಳಲ್ಲಿ ಬಳಸುವ ಬಗೆಯದು, ಲೆಕ್ಕ 30 ಮಿಲಿಆಂಪಿಯರ್ ತಪ್ಪುವಷ್ಟರಲ್ಲಿ ಮಂಡಲವನ್ನು ಕಡಿದುಹಾಕುತ್ತದೆ.

ಒಪ್ಪಂದದ ಮಾತು

ಇಷ್ಟನ್ನು ಕಲಿಯಲು ಕಾಲ ಬೇಕು, ಕಲಿಸುವವರು ಬೇಕು. ಒಳ್ಳೆಯ ಕಡೆಯಲ್ಲಿ ಶಿಶಿಕ್ಷು ಮೊದಲು ನೋಡುತ್ತಾನೆ, ಬಳಿಕ ವಿದ್ಯುತ್ತಿಲ್ಲದ ಹಲಗೆಯ ಮೇಲೆ ಮಾಡುತ್ತಾನೆ, ಆಮೇಲೆ ಹಿರಿಯನ ಕಣ್ಣೆದುರಿನಲ್ಲಿ ನಿಜವಾದ ಕೆಲಸಕ್ಕೆ ಕೈಹಾಕುತ್ತಾನೆ. ಕೆಟ್ಟ ಕಡೆಯಲ್ಲಿ ಅವನು ಏಣಿ ಹೊತ್ತು, ಚಹ ತಂದು, ಒಂದು ದಿನ ಯಾರೂ ಇಲ್ಲದಾಗ ಕಂಬ ಹತ್ತುತ್ತಾನೆ. ಕಲಿಕೆಗೂ ಅಗ್ಗದ ಕೂಲಿಗೂ ಇರುವ ಗೆರೆ ತೆಳುವಾದುದು. ಆದಕಾರಣ ಕಾನೂನಿನ ಕೆಲವು ಅಂಶಗಳನ್ನು ಹುಡುಗರೂ ಅವರ ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು. ಶಿಶಿಕ್ಷುವಿಗೆ 14 ವರ್ಷ ತುಂಬಿರಬೇಕು. ಅಪಾಯಕರ ಉದ್ಯಮಗಳಲ್ಲಿ 18. ಅವನಿಗೂ ಉದ್ಯೋಗದಾತನಿಗೂ ಲಿಖಿತ ಒಪ್ಪಂದವಾಗಿ ಅದು ನೋಂದಣಿಯಾಗಬೇಕು. ನಿಗದಿಯಾದ ಶಿಷ್ಯವೇತನವನ್ನು ಕೊಡಬೇಕು. ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಉದ್ಯೋಗದಾತನದು. ಕಾಯಿದೆಯ ದೃಷ್ಟಿಯಲ್ಲಿ ಅವನು ಕಾರ್ಮಿಕನಲ್ಲ, ಕಲಿಯುವವನು. ತರಬೇತಿ ಮುಗಿದೊಡನೆ ಅಲ್ಲಿಯೇ ನೌಕರಿ ಸಿಗುವುದೆಂಬ ಭರವಸೆಯೂ ಇಲ್ಲ. ಸ್ವತಂತ್ರವಾಗಿ ವೈರಿಂಗ್ ಕೆಲಸ ಮಾಡಲು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿಯನ್ನು ಬೇರೆಯಾಗಿ ಪಡೆಯಬೇಕು.

ಮನೆ ಕಟ್ಟಿಸುವವರಿಗೂ ಇದರಲ್ಲಿ ಪಾಲಿದೆ. ಗಾರೆಗೂ ಬಣ್ಣಕ್ಕೂ ಹತ್ತು ಜನರನ್ನು ವಿಚಾರಿಸುವ ನಾವು, ಗೋಡೆಯೊಳಗೆ ಅಡಗಿಹೋಗುವ ತಂತಿಗೆ ಬಂದಾಗ ಕಡಿಮೆ ದರ ಹೇಳಿದವನನ್ನು ಕರೆಯುತ್ತೇವೆ. ಅವನು ಎಲ್ಲಿ, ಯಾರ ಬಳಿ ಕಲಿತನೆಂದು ಕೇಳುವುದಿಲ್ಲ.

ಲಂಡನ್ನಿನ ಪುಸ್ತಕ ಕಟ್ಟುವ ಅಂಗಡಿಯೊಂದರಲ್ಲಿ 1805ರಿಂದ ಏಳು ವರ್ಷ ಅಪ್ರೆಂಟಿಸ್ ಆಗಿದ್ದ ಬಡ ಹುಡುಗ ಮೈಕೇಲ್ ಫ್ಯಾರಡೆ, ತಾನು ಕಟ್ಟುತ್ತಿದ್ದ ಪುಸ್ತಕಗಳನ್ನೇ ಓದಿ ವಿದ್ಯುತ್ತಿನ ಕಡೆಗೆ ತಿರುಗಿದನು. ಅವನ ವಿದ್ಯೆ ಕೈಯಿಂದ ತಲೆಗೆ ಏರಿತು. ನಾವು ಕಾಲೇಜಿನವರು ವಿದ್ಯೆಯನ್ನು ತಲೆಯಲ್ಲಿಯೇ ತಡೆದಿಟ್ಟುಕೊಂಡಿದ್ದೇವೆ. ಈಚೆಗೆ ನಮ್ಮ ಪ್ರಯೋಗಶಾಲೆಯಲ್ಲಿ ಓಮನ ನಿಯಮಕ್ಕೆ ಮುಂಚೆ ಒಂದು ಗಂಟೆಯನ್ನು ತಂತಿ ಸುಲಿಯುವುದಕ್ಕೂ ತಿರುಪು ಬಿಗಿಯುವುದಕ್ಕೂ ಮೀಸಲಿಟ್ಟಿದ್ದೇವೆ. ವಿದ್ಯಾರ್ಥಿಗಳ ಜೋಡಣೆಯನ್ನು ಜಗ್ಗಿನೋಡುವ ಮೊದಲು ನಮ್ಮದನ್ನು ನಾವೇ ಜಗ್ಗಿನೋಡಿಕೊಳ್ಳುತ್ತೇವೆ. ಮೊದಲ ವಾರ ಅದು ಕಿತ್ತುಬಂದಿತೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ.