ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗದಿರಲಿ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಅದರ ಜೊತೆಗೇ ಇನ್ನೊಂದು ಗಾದೆಯೂ ಇದೆ. 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.' ಮೊದಲನೆಯದು ದೊಡ್ಡವರಿಗೆ ಸಮಾಧಾನ ಹೇಳುತ್ತದೆ, ಎರಡನೆಯದು ಎಚ್ಚರಿಕೆ ಕೊಡುತ್ತದೆ. ವೈದ್ಯವಿಜ್ಞಾನದ ಅನುಭವವೂ ಈ ಎರಡನೆಯ ಗಾದೆಯ ಕಡೆಗೇ ಇದೆ. ತಂದೆತಾಯಿಗಳ ನಡುವೆ ವಿಶ್ವಾಸ ಕೆಟ್ಟರೆ ಮಗುವಿನ ಮನಸ್ಸಷ್ಟೇ ಅಲ್ಲ, ದೇಹವೂ ಸೊರಗುತ್ತದೆ.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಈ ಮಾತಿಗೆ ಹೆಚ್ಚಿನ ಮಹತ್ವವಿದೆ. ಮಳೆ ಕೈಕೊಟ್ಟ ವರ್ಷ, ಮಗ್ಗಕ್ಕೆ ಕೆಲಸ ಇಲ್ಲದ ದಿನಗಳಲ್ಲಿ ಇಲ್ಲಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವವರಿದ್ದಾರೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಕೆಲವೊಮ್ಮೆ ಇಬ್ಬರೂ ದುಡಿಯಲು ಹೋಗಿ, ಮಕ್ಕಳು ಅಜ್ಜ ಅಜ್ಜಿಯ ಬಳಿ ಉಳಿಯುತ್ತಾರೆ. ದೂರ ಇದ್ದಾಗ ಫೋನೇ ಸಂಸಾರದ ಕೊಂಡಿ. ಫೋನ್ ಎತ್ತದಿದ್ದರೆ ಸಂಶಯ, 'ಬಿಜಿ' ಬಂದರೆ ಇನ್ನೂ ಸಂಶಯ. ಹಬ್ಬಕ್ಕೆ ಊರಿಗೆ ಬಂದಾಗ ಎರಡು ದಿನ ಸಂತೋಷ, ಮೂರನೆಯ ದಿನ ಲೆಕ್ಕಾಚಾರ ಮತ್ತು ಜಗಳ. ಇಂಥ ಮನೆಗಳು ನಿಮ್ಮ ಓಣಿಯಲ್ಲಿಯೂ ಇರಬಹುದು.

<b>ಹೊಟ್ಟೆನೋವಿನ ಹಿಂದೆ ಏನಿದೆ?</b>

ಮಗು ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತದೆ. ಹೊಕ್ಕಳ ಸುತ್ತ ಕೈಯಿಟ್ಟು ತೋರಿಸುತ್ತದೆ. ಜಂತುಹುಳುವಿನ ಗುಳಿಗೆ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ನೋವು ಹೋಗಲಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಆರೇಳು ವರ್ಷದ ಮಗು ಮತ್ತೆ ಶುರು ಮಾಡುತ್ತದೆ. ತಲೆನೋವು, ಊಟ ಬೇಡವೆನ್ನುವುದು, ನಿದ್ದೆಯಲ್ಲಿ ಬೆಚ್ಚುವುದು, ಶಾಲೆಗೆ ಹೋಗಲು ಹಟ, ಇವೂ ಇದೇ ಸಾಲಿನವು.

ಇದು ನಾಟಕವಲ್ಲ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳು ಹೆಚ್ಚುತ್ತವೆ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ದಿನದಿನವೂ ಆತಂಕದಲ್ಲಿರುವ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಆದ್ದರಿಂದ ಗದರಿಸಬೇಡಿ, ಹೊಡೆಯಬೇಡಿ.

ಹಾಗೆಂದು ಎಲ್ಲ ಹೊಟ್ಟೆನೋವೂ ಮನಸ್ಸಿನದೇ ಎಂದುಕೊಳ್ಳುವುದೂ ತಪ್ಪು. ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕಳಿನಿಂದ ದೂರದಲ್ಲಿ ಒಂದೇ ಕಡೆ ನೋವು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಾಸಿಗೆ ಒದ್ದೆ ಮಾಡುವ ಮಗು ಅತಿಯಾಗಿ ನೀರು ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ, ಮೂತ್ರ ಮಾಡುವಾಗ ಉರಿ ಎಂದರೆ ಮೂತ್ರದ ಸೋಂಕಿನ ಪರೀಕ್ಷೆ ಆಗಲೇಬೇಕು.

<b>ಮಕ್ಕಳಿಗೆ ಏನೂ ತಿಳಿಯುವುದಿಲ್ಲವೆ?</b>

'ಅದಕ್ಕೇನು ತಿಳಿತೈತಿ, ಇನ್ನೂ ಸಣ್ಣದು' ಎನ್ನುವವರಿದ್ದಾರೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 6ರಿಂದ 12 ತಿಂಗಳ ಕೂಸುಗಳು ನಿದ್ದೆಯಲ್ಲಿದ್ದಾಗ ಅವುಗಳಿಗೆ ಸಿಟ್ಟಿನ ದನಿ ಕೇಳಿಸಿ ಮಿದುಳನ್ನು ಪರೀಕ್ಷಿಸಿದರು. ಜಗಳ ಹೆಚ್ಚಿರುವ ಮನೆಯ ಕೂಸುಗಳ ಮಿದುಳಿನಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಭಾಗಗಳು ಆ ದನಿಗೆ ಹೆಚ್ಚು ಪ್ರತಿಕ್ರಿಯಿಸಿದವು. ನಿದ್ದೆಯಲ್ಲಿಯೂ ಕೂಸು ಕೇಳಿಸಿಕೊಳ್ಳುತ್ತದೆ ಎಂದಾಯಿತು.

ಮಕ್ಕಳ ಈ ಸೂಕ್ಷ್ಮ ಕಥೆಗಾರರಿಗೂ ತಿಳಿದದ್ದೇ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ 'ದಿ ಸಿಂಪ್ಸನ್ಸ್' ಎಂಬ ಕಾರ್ಟೂನ್ ಧಾರಾವಾಹಿಯ 1990ರ ಒಂದು ಕಂತಿನ ಕಥೆ ಕೇಳಿ. ಗಂಡ ಹೋಮರ್, ಹೆಂಡತಿ ಮಾರ್ಜಳ ಹುಟ್ಟುಹಬ್ಬ ಮರೆಯುತ್ತಾನೆ. ಕೊನೆ ಗಳಿಗೆಯಲ್ಲಿ ತನಗೇ ಬೇಕಾದ ಆಟದ ಚೆಂಡೊಂದನ್ನು ತಂದು ಕೊಡುತ್ತಾನೆ. ಅದರ ಮೇಲೆ ಇರುವುದೂ ಅವನದೇ ಹೆಸರು! ನೊಂದ ಮಾರ್ಜ್ ಹಟಕ್ಕೆ ಆ ಆಟ ಕಲಿಯಲು ಹೋಗುತ್ತಾಳೆ, ಕಲಿಸುವವನ ಸಲುಗೆ ಬೆಳೆಯುತ್ತದೆ. ಮನೆಯಲ್ಲಿ ಯಾರೂ ಕೂಗಾಡುವುದಿಲ್ಲ. ಆದರೂ ಎಂಟು ವರ್ಷದ ಮಗಳು ಲೀಸಾ, ತಾಯಿ ಡಬ್ಬಿಗೆ ಎಂದಿಗಿಂತ ಹೆಚ್ಚು ತಿಂಡಿ ತುಂಬುವುದನ್ನು ಕಂಡೇ ಏನೋ ಕೆಟ್ಟಿದೆ ಎಂದು ಗುರುತಿಸುತ್ತಾಳೆ. ಕೊನೆಗೆ ಹೋಮರ್ ದೂರುವುದನ್ನು ಬಿಟ್ಟು, ಅವಳು ಮಾಡಿಕೊಡುವ ಬುತ್ತಿಯನ್ನು ತಡವರಿಸುತ್ತ ಹೊಗಳುತ್ತಾನೆ. ಆಮೇಲೆ ಅವಳು ಇನ್ನೊಬ್ಬನ ಮನೆಯ ದಾರಿ ಬಿಟ್ಟು ಗಂಡ ದುಡಿಯುವಲ್ಲಿಗೆ ಹೋಗುತ್ತಾಳೆ. ನಗಿಸುವ ಧಾರಾವಾಹಿಯಾದರೂ ಇದರಲ್ಲಿ ಪಾಠವಿದೆ. ಸಂಸಾರ ಕೆಡಲು ಆರಂಭವಾದದ್ದು ಮೂರನೆಯವನಿಂದಲ್ಲ, ಅಲಕ್ಷ್ಯದಿಂದ. ಸರಿಹೋದದ್ದು ಆಣೆ ಪ್ರಮಾಣದಿಂದಲ್ಲ, ಒಂದು ಮೆಚ್ಚುಗೆಯ ಮಾತಿನಿಂದ.

<b>ರಾಜಿಯನ್ನು ಮಕ್ಕಳಿಗೆ ತೋರಿಸಿ</b>

ಜಗಳವೇ ಇಲ್ಲದ ಸಂಸಾರವಿಲ್ಲ. ಮನಶ್ಶಾಸ್ತ್ರಜ್ಞ ಮಾರ್ಕ್ ಕಮ್ಮಿಂಗ್ಸ್ ಮತ್ತು ಅವರ ಸಂಗಡಿಗರು 1980ರ ದಶಕದಿಂದ ನಡೆಸಿದ ಅಧ್ಯಯನಗಳ ಸಾರ ಇದು: ಮಗುವನ್ನು ಹೆಚ್ಚು ಕಾಡುವುದು ಮುಗಿಯದೆ ಉಳಿದ ಜಗಳ. ದೊಡ್ಡವರು ರಾಜಿಯಾದದ್ದನ್ನು ಕಂಡರೆ ಮಗು ಶಾಂತವಾಗುತ್ತದೆ. ಬಾಗಿಲ ಹಿಂದೆ ರಾಜಿಯಾಗಿದ್ದರೂ, ಆಯಿತೆಂದು ಹೇಳಿದರೆ ಮಗುವಿಗೆ ಸಮಾಧಾನ.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಜಗಳ ಮಕ್ಕಳೆದುರಿಗೆ, ರಾಜಿ ಮಕ್ಕಳು ಮಲಗಿದ ಮೇಲೆ! ಮಗು ಜಗಳದ ಮೊದಲರ್ಧವನ್ನಷ್ಟೇ ಹೊತ್ತು ಶಾಲೆಗೆ ಹೋಗುತ್ತದೆ. ತನ್ನಿಂದಲೇ ಜಗಳವಾಯಿತೆಂದು ಸಣ್ಣ ಮಕ್ಕಳು ನಂಬುವುದೂ ಉಂಟು. ಆದ್ದರಿಂದ ಬೆಳಿಗ್ಗೆ ಹತ್ತಿರ ಕರೆದು ಹೇಳಿ: 'ನಿನ್ನೆ ನಾವು ಜಗಳಾಡಿದ್ವಿ, ಈಗ ಮುಗೀತು. ನಿಂದೇನೂ ತಪ್ಪಿಲ್ಲ.'

<b>ನೀವು ಮಾಡಬಹುದಾದದ್ದು</b>

1. ಮಗುವನ್ನು ದೂತನನ್ನಾಗಿ ಮಾಡಬೇಡಿ. ಮಾತು ಬಿಟ್ಟು ಕುಳಿತು 'ನಿಮ್ಮಪ್ಪಗ ಹೇಳು, ಊಟಕ್ಕ ಬಾ ಅಂತ' ಎನ್ನುವುದು ಕೂಗಾಟಕ್ಕಿಂತ ಕಡಿಮೆ ಕೆಡುಕಲ್ಲ.

2. ಮಗುವನ್ನು ಗೂಢಚಾರನನ್ನಾಗಿಯೂ ಮಾಡಬೇಡಿ. 'ನಿಮ್ಮವ್ವ ಫೋನಿನಾಗ ಯಾರ ಕೂಡ ಮಾತಾಡ್ತಾಳ?' ಎಂದು ಕೇಳುವ ಅಜ್ಜಿಯಂದಿರೂ ಇದನ್ನು ಗಮನಿಸಬೇಕು.

3. ದೂರದಲ್ಲಿರುವವರು ಫೋನ್ ಮಾಡಲು ಒಂದು ಹೊತ್ತು ಗೊತ್ತುಮಾಡಿಕೊಂಡು ಅದನ್ನು ಪಾಲಿಸಿ. ಹೇಳಿದ ಹೊತ್ತಿಗೆ ಬರುವ ಕರೆಯೇ ವಿಶ್ವಾಸದ ಬುನಾದಿ.

4. ಗಳಿಕೆ, ಸಾಲ, ಖರ್ಚು ಇಬ್ಬರಿಗೂ ತಿಳಿದಿರಲಿ. ಮುಚ್ಚಿಟ್ಟ ಸಾಲವೂ ಸಂಶಯ ಹುಟ್ಟಿಸುತ್ತದೆ.

5. ತಪ್ಪಾಗಿದ್ದರೆ ಒಪ್ಪಿಕೊಳ್ಳಿ. ಒಪ್ಪಿಕೊಂಡದ್ದನ್ನು ಮುಂದಿನ ಜಗಳದಲ್ಲಿ ಎತ್ತಿ ಆಡಬೇಡಿ. ಮುರಿದ ನಂಬಿಕೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು.

<b>ಸಂಶಯವೇ ರೋಗವಾದಾಗ</b>

ಯಾವ ಆಧಾರವೂ ಇಲ್ಲದೆ ಸಂಗಾತಿಯ ಶೀಲದ ಮೇಲೆ ಗಟ್ಟಿಯಾದ ಸಂಶಯ, ಬಟ್ಟೆಬರೆ ಶೋಧಿಸುವುದು, ಹಿಂಬಾಲಿಸುವುದು, ಎಷ್ಟು ತಿಳಿಹೇಳಿದರೂ ಒಪ್ಪದಿರುವುದು, ಇವು ಮನೋರೋಗದ ಲಕ್ಷಣವಾಗಿರಬಹುದು. ಬಹುಕಾಲ ವಿಪರೀತ ಕುಡಿಯುವವರಲ್ಲಿಯೂ ಇದು ಕಾಣುತ್ತದೆ. ಇದಕ್ಕೆ ಬುದ್ಧಿವಾದ ಸಾಲದು, ಔಷಧಿ ಬೇಕು. ಹೊಡೆತ ಬಡಿತವಿರುವಲ್ಲಿ 'ಹೊಂದಿಕೊಂಡು ಹೋಗವ್ವ' ಎಂದು ಹೇಳಿ ಕಳಿಸುವುದು ರಾಜಿಯಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಇದೆ. ಮಹಿಳೆಯರು 181, ಮಕ್ಕಳಿಗಾಗಿ 1098, ತುರ್ತಿಗೆ 112ಕ್ಕೆ ಕರೆಮಾಡಬಹುದು.

ಮನಸ್ಸಿನ ತೊಂದರೆಗೆ ಆಸ್ಪತ್ರೆಗೆ ಹೋಗಲು ನಾಚಿಕೆ ಬೇಡ. ನಮಗೆ ಹತ್ತಿರದ ಬಳ್ಳಾರಿಯಲ್ಲಿಯೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಪ್ರಯೋಗ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಇವೆ. ಊರಲ್ಲಿಯೇ ಕುಳಿತು 14416ಕ್ಕೆ ಕರೆಮಾಡಿದರೆ 'ಟೆಲಿ ಮಾನಸ್' ಸೇವೆಯಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಕುಟುಂಬ ನ್ಯಾಯಾಲಯಗಳ 1984ರ ಕಾಯ್ದೆ ಕೂಡ, ಕೂಡಿಸಲು ಸಾಧ್ಯವೇ ಎಂದು ಮೊದಲು ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವಾಗಿಸಿದೆ. ಅಷ್ಟು ದೂರ ಹೋಗುವ ಮೊದಲು ಮನೆಯಲ್ಲಿಯೇ ಆ ಪ್ರಯತ್ನ ನಡೆಯಲಿ. ಒಂದು ವೇಳೆ ಬೇರೆಯಾಗುವುದೇ ಅನಿವಾರ್ಯವಾದರೂ, ಮಗುವಿನ ಮುಂದೆ ಒಬ್ಬರನ್ನೊಬ್ಬರು ಹಳಿಯದಿರಿ. ಗಂಡಹೆಂಡತಿಯ ಸಂಬಂಧ ಮುಗಿಯಬಹುದು, ತಂದೆತಾಯಿಯ ಸಂಬಂಧ ಮುಗಿಯುವುದಿಲ್ಲ.