ಹೆಚ್ಚು ಪಾಯಿಂಟ್ ಗೆದ್ದವರೂ ಸೋಲುವ ಆಟ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ವಿಧಾನಸಭಾ ಕ್ಷೇತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಪಕ್ಷ ಹುಣಸೂರಿನಲ್ಲಿ 50 ಸಾವಿರ ಮತಗಳ ಅಂತರದಿಂದ ಗೆದ್ದು, ಉಳಿದ ಮೂರು ಕಡೆ ತಲಾ ಒಂದು ಸಾವಿರ ಮತಗಳಿಂದ ಸೋತಿತು ಎಂದುಕೊಳ್ಳಿ. ನಾಲ್ಕೂ ಕಡೆಯ ಮತ ಕೂಡಿದರೆ ಆ ಪಕ್ಷವೇ 47 ಸಾವಿರದಷ್ಟು ಮುಂದಿರುತ್ತದೆ. ಆದರೆ ಸಿಕ್ಕಿದ್ದು ಒಂದೇ ಸೀಟು. ಹುಣಸೂರಿನಲ್ಲಿ ಹೆಚ್ಚಾಗಿ ಬಿದ್ದ ಮತವನ್ನು ಕೆ.ಆರ್. ನಗರದ ಲೆಕ್ಕಕ್ಕೆ ಜಮೆ ಮಾಡಲು ಬರುವುದಿಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ರಾಜ್ಯ ಇದನ್ನು ಕಣ್ಣಾರೆ ಕಂಡಿದೆ. ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ 36ರಷ್ಟು ಮತ ಪಡೆದ ಬಿಜೆಪಿ ಹೆಚ್ಚು ಸೀಟು ಗೆದ್ದಿತ್ತು.

ಟೆನಿಸ್ ಪಂದ್ಯದ ತೀರ್ಪು ಬರುವುದೂ ಹೀಗೆಯೇ.

2019ರ ಜುಲೈ 14ರಂದು ನಡೆದ ವಿಂಬಲ್ಡನ್ ಫೈನಲ್ ಐದು ಗಂಟೆಗೆ ಮೂರು ನಿಮಿಷ ಕಮ್ಮಿ ನಡೆಯಿತು. ರೋಜರ್ ಫೆಡರರ್ 218 ಪಾಯಿಂಟ್ ಗೆದ್ದರು, ನೊವಾಕ್ ಜೊಕೊವಿಚ್ 204. ಕಪ್ ಎತ್ತಿದವರು ಜೊಕೊವಿಚ್. ಫೆಡರರ್ ಎರಡನೇ ಸೆಟ್ಟನ್ನು 6–1ರಿಂದ ಗುಡಿಸಿ ಹಾಕಿದ್ದರು. ಅದು ಅವರ ಹುಣಸೂರು. ಜೊಕೊವಿಚ್ ಗೆದ್ದ ಮೂರೂ ಸೆಟ್ಟುಗಳು ಟೈಬ್ರೇಕರ್‌ನಲ್ಲಿ, ಕೂದಲೆಳೆಯ ಅಂತರದಲ್ಲಿ ಬಂದವು. ಐದನೇ ಸೆಟ್ಟಿನಲ್ಲಿ ಫೆಡರರ್ ಕೈಯಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಿದ್ದವು. ಆ ಎರಡರಲ್ಲಿ ಒಂದು ಅವರ ಪಾಲಿಗೆ ಬಿದ್ದಿದ್ದರೂ ಇಂದು ಯಾರು ಶ್ರೇಷ್ಠ ಎಂದು ಜಗಳವಾಡುವವರ ಬಾಯಲ್ಲಿ ಬೇರೆಯೇ ಸಂಖ್ಯೆಗಳಿರುತ್ತಿದ್ದವು.

ಗಣಿತ ಈ ಆಟದ ಇನ್ನೊಂದು ಗುಟ್ಟನ್ನೂ ಬಿಡಿಸಿಡುತ್ತದೆ. ಟೆನಿಸ್ಸಿನಲ್ಲಿ ಪಾಯಿಂಟ್ ಸೇರಿ ಗೇಮ್, ಗೇಮ್ ಸೇರಿ ಸೆಟ್, ಸೆಟ್ ಸೇರಿ ಪಂದ್ಯ. ಒಬ್ಬ ಆಟಗಾರ್ತಿ ನೂರಕ್ಕೆ 55 ಪಾಯಿಂಟ್ ಗೆಲ್ಲಬಲ್ಲಳು ಎನ್ನೋಣ. ಲೆಕ್ಕ ಸರಳವಾಗಲೆಂದು, ಸರ್ವ್ ಮಾಡುವಾಗಲೂ ಎದುರಿಸುವಾಗಲೂ ಅವಳ ಸಾಮರ್ಥ್ಯ ಒಂದೇ ಎಂದು ಭಾವಿಸೋಣ. ಸಂಭವನೀಯತೆಯ ಸೂತ್ರ ಹಾಕಿದರೆ ಅವಳು ನೂರಕ್ಕೆ 62 ಗೇಮ್ ಗೆಲ್ಲುತ್ತಾಳೆ. ಸೆಟ್ ಮಟ್ಟಕ್ಕೆ ಏರಿದರೆ ಅದು 81 ಆಗುತ್ತದೆ. ಮೂರು ಸೆಟ್ಟುಗಳ ಪಂದ್ಯದಲ್ಲಿ 91! ಎದುರಾಳಿಗಿಂತ ತುಸುವೇ ಮೇಲಿದ್ದವಳು ಒಂದೊಂದು ಮೆಟ್ಟಿಲಿಗೂ ದೊಡ್ಡವಳಾಗಿ ಕಾಣುತ್ತಾ ಹೋಗುತ್ತಾಳೆ. ನಾಲೆಯ ಮೇಲ್ತುದಿಯಲ್ಲಿ ಗೇಣು ಓರೆಯಾದರೆ ಕೊನೆಯ ಗದ್ದೆಗೆ ನೀರು ಬರುವುದೋ ಇಲ್ಲವೋ ತೀರ್ಮಾನವಾಗಿಬಿಡುತ್ತದೆ ಎಂಬುದು ಕೆ.ಆರ್. ನಗರದ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಫೆಡರರ್ 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವ ಭಾಷಣದಲ್ಲಿ ತಮ್ಮದೇ ಲೆಕ್ಕವನ್ನು ಮುಂದಿಟ್ಟರು. ಆಡಿದ್ದು 1,526 ಸಿಂಗಲ್ಸ್ ಪಂದ್ಯ, ಗೆದ್ದದ್ದು ಹತ್ತಿರಹತ್ತಿರ ಶೇ 80. ಆದರೆ ಗೆದ್ದ ಪಾಯಿಂಟ್‌ಗಳ ಪ್ರಮಾಣ ಶೇ 54 ಮಾತ್ರ. ಇಪ್ಪತ್ತು ಗ್ರ್ಯಾಂಡ್‌ಸ್ಲ್ಯಾಮ್‌ಗಳ ಒಡೆಯ ಹೆಚ್ಚುಕಡಿಮೆ ಎರಡಕ್ಕೊಂದು ಪಾಯಿಂಟ್ ಸೋತಿದ್ದಾರೆ.

ಹಾಗಾದರೆ ಯಾರು ಶ್ರೇಷ್ಠ? ಜೊಕೊವಿಚ್ 24, ರಫೆಲ್ ನಡಾಲ್ 22, ಫೆಡರರ್ 20 ಎಂದು ಬೆರಳು ಮಡಚುವವರ ವಾದ ಅಲ್ಲಿಗೇ ಮುಗಿಯುತ್ತದೆ. ಮುಖಾಮುಖಿ ನೋಡಿ ಎನ್ನುವವರು ಇನ್ನೊಂದು ಲೆಕ್ಕ ತೆಗೆಯುತ್ತಾರೆ: ನಡಾಲ್ 24 ಸಲ ಫೆಡರರ್‌ರನ್ನು ಸೋಲಿಸಿದ್ದಾರೆ, ಫೆಡರರ್ ನಡಾಲ್‌ರನ್ನು 16 ಸಲ. ಈ 40 ಪಂದ್ಯಗಳಲ್ಲಿ 16 ನಡೆದದ್ದು ಆವೆಮಣ್ಣಿನ ಅಂಗಣದಲ್ಲಿ. ಅಲ್ಲಿ ನಡಾಲ್ 14, ಫೆಡರರ್ 2. ಆ ಮಣ್ಣು ಬಿಟ್ಟು ಉಳಿದ ಕಡೆ ನೋಡಿದರೆ ಫೆಡರರ್‌ರೇ 14–10ರಿಂದ ಮುಂದೆ!

ನೆಲ ಇಷ್ಟೊಂದು ವ್ಯತ್ಯಾಸ ಮಾಡುವುದು ಏಕೆ? ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೊಸ್ ಅಂಗಣದ ಕೆಂಪು ಬಣ್ಣ ಹೊಲದ ಮಣ್ಣಿನದಲ್ಲ. ಇಟ್ಟಿಗೆ ಪುಡಿ ಮಾಡಿ ಹರಡಿದ ತೆಳುವಾದ ಪದರ ಅದು. ಆ ತರಿಯ ಮೇಲೆ ಚೆಂಡು ಬಿದ್ದಾಗ ಘರ್ಷಣೆ ಹೆಚ್ಚು. ಚೆಂಡು ಜಾರಿಕೊಂಡು ಹೋಗದೆ ಒಂದು ಕ್ಷಣ ನೆಲವನ್ನು ಕಚ್ಚುತ್ತದೆ, ಮುಂದಿನ ವೇಗ ಕಳೆದುಕೊಂಡು ಮೇಲಕ್ಕೆ ಪುಟಿಯುತ್ತದೆ. ಹುಲ್ಲಿನ ಮೇಲಾದರೆ ಅದೇ ಚೆಂಡು ತಗ್ಗಾಗಿ ಜಾರಿ ನುಗ್ಗುತ್ತದೆ. ನಡಾಲ್ ಎಡಗೈಯಿಂದ ಹೊಡೆದ ಚೆಂಡು ನಿಮಿಷಕ್ಕೆ 3,000ಕ್ಕೂ ಹೆಚ್ಚು ಸುತ್ತಿನ ವೇಗದಲ್ಲಿ ಮುಂದಕ್ಕೆ ತಿರುಗುತ್ತಾ ಬರುತ್ತಿತ್ತು. ಹಾಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ನೆಟ್ಟಿನ ಮೇಲೆ ಎತ್ತರದಲ್ಲಿ ಹಾರಿ, ಗೆರೆಯೊಳಗೇ ಥಟ್ಟನೆ ಇಳಿದು, ಇಟ್ಟಿಗೆ ಪುಡಿಯಲ್ಲಿ ಕೆಂಪು ಗುರುತು ಬಿಟ್ಟು ಫೆಡರರ್‌ರ ಭುಜದ ಮಟ್ಟಕ್ಕೆ ಏಳುತ್ತಿತ್ತು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಆಡುವವರಿಗೆ ಅದಕ್ಕಿಂತ ಕಷ್ಟದ ಜಾಗವಿಲ್ಲ.

ಕಪ್‌ಗಳ ಎಣಿಕೆಯಲ್ಲೂ ಇಂಥದೇ ತೊಡಕಿದೆ. ಆಸ್ಟ್ರೇಲಿಯಾದ ರಾಡ್ ಲೇವರ್ 1962ರಲ್ಲಿ ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದು ವೃತ್ತಿಪರರಾದರು. ವೃತ್ತಿಪರರಿಗೆ ಆಗ ಆ ಟೂರ್ನಿಗಳಲ್ಲಿ ಪ್ರವೇಶವಿರಲಿಲ್ಲ. ಐದು ವರ್ಷ ಹೊರಗುಳಿದು ಮರಳಿದ ಅವರು 1969ರಲ್ಲಿ ಮತ್ತೆ ನಾಲ್ಕನ್ನೂ ಗೆದ್ದರು. ಆ ಐದು ವರ್ಷಗಳ ಕಪ್‌ಗಳನ್ನು ಯಾವ ಪಟ್ಟಿಗೆ ಸೇರಿಸುವುದು?

ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಯಾರು ಶ್ರೇಷ್ಠ ಎಂಬುದಕ್ಕೊಂದು ಜಾಣ ಉತ್ತರ ಮೊದಲಿನಿಂದಲೂ ಇದೆ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಪೈಲ್ವಾನ ಎಷ್ಟು ಕುಸ್ತಿ ಹೊಡೆದ ಎಂಬುದಕ್ಕಿಂತ ಯಾರನ್ನು ಚಿತ್ ಮಾಡಿದ ಎಂಬುದಕ್ಕೆ ಹೆಚ್ಚು ಬೆಲೆ. ಇದೇ ವಿಚಾರವನ್ನು ಭೌತವಿಜ್ಞಾನಿ ಫಿಲಿಪ್ಪೊ ರಾಡಿಕಿ 2011ರಲ್ಲಿ ಕಂಪ್ಯೂಟರಿಗೆ ಕಲಿಸಿದರು. 1968ರಿಂದ 2010ರವರೆಗಿನ ವೃತ್ತಿಪರ ಪಂದ್ಯಗಳನ್ನೆಲ್ಲ ಒಂದು ಬಲೆಯಂತೆ ಹೆಣೆದರು. ಸೋತವರಿಂದ ಗೆದ್ದವರಿಗೆ ಒಂದು ಎಳೆ. ದೊಡ್ಡ ಆಟಗಾರನನ್ನು ಸೋಲಿಸಿದರೆ ಆ ಎಳೆಗೆ ತೂಕ ಹೆಚ್ಚು. ಗೂಗಲ್ ತನ್ನ ಪುಟಗಳಿಗೆ ದರ್ಜೆ ಕೊಡಲು ಬಳಸಿದ ಲೆಕ್ಕದ ಜಾತಿಯದೇ ಇದು. ಮೊದಲ ಸ್ಥಾನ ಸಿಕ್ಕಿದ್ದು ಅಮೆರಿಕದ ಜಿಮ್ಮಿ ಕಾನರ್ಸ್‌ಗೆ. ಅವರು ಗೆದ್ದ ಗ್ರ್ಯಾಂಡ್‌ಸ್ಲ್ಯಾಮ್ ಎಂಟೇ. ಆದರೆ ಎರಡು ದಶಕಕ್ಕೂ ಮೀರಿ ಆಡಿ 109 ಪ್ರಶಸ್ತಿ ಗಳಿಸಿದ್ದರು. ಫೆಡರರ್, ನಡಾಲ್, ಜೊಕೊವಿಚ್ ಆಗಿನ್ನೂ ಆಡುತ್ತಿದ್ದುದರಿಂದ ಅವರ ಲೆಕ್ಕ ಅರ್ಧದಲ್ಲಿತ್ತು ಎಂಬುದನ್ನು ಮರೆಯಬಾರದು. ಇಂದು ಈ ಮೂವರಲ್ಲಿ ಒಬ್ಬರನ್ನು ಆರಿಸಲೇಬೇಕಾದರೆ ಜೊಕೊವಿಚ್ ಪರ ವಾದ ಗಟ್ಟಿಯಾಗಿದೆ. ಕಪ್‌ಗಳ ಎಣಿಕೆ ಅದಕ್ಕೆ ಮುಖ್ಯ ಕಾರಣವಲ್ಲ. ನಾಲ್ಕೂ ಗ್ರ್ಯಾಂಡ್‌ಸ್ಲ್ಯಾಮ್‌ಗಳನ್ನು ಕನಿಷ್ಠ ಮೂರು ಸಲ ಗೆದ್ದವರು ಮೂವರಲ್ಲಿ ಅವರೊಬ್ಬರೇ, ಅಂದರೆ ಯಾವ ನೆಲವೂ ಅವರಿಗೆ ಪರಸ್ಥಳವಾಗಲಿಲ್ಲ.

ಕಾನರ್ಸ್ ಉದಾಹರಣೆ ತೋರಿಸುವ ಬಾಳಿಕೆಯ ಗುಣಕ್ಕೆ ನಮ್ಮ ಹತ್ತಿರದಲ್ಲೇ ಒಂದು ಸಾಕ್ಷಿ ಇದೆ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಕಳೆದು ಕಾವೇರಿ ದಾಟಿದರೆ ಕುಶಾಲನಗರ. ಅಲ್ಲಿಂದ ಸುಂಟಿಕೊಪ್ಪದ ಮೇಲೆ ಹೋದರೆ ಮಾದಾಪುರ. ಟೆನಿಸ್ ಡಬಲ್ಸ್ ಆಟಗಾರ ರೋಹನ್ ಬೋಪಣ್ಣ ಬೆಳೆದದ್ದು ಈ ಸೀಮೆಯ ಕಾಫಿ ತೋಟದಲ್ಲಿ. ಹುಡುಗನ ಭುಜ ಗಟ್ಟಿಯಾಗಲೆಂದು ಅಪ್ಪ ಹಗ್ಗ ಹತ್ತಿಸಿದರು, ಸೌದೆ ಒಡೆಸಿದರು. ಸೌದೆ ಒಡೆಯುವುದಕ್ಕೂ ಸರ್ವ್ ಮಾಡುವುದಕ್ಕೂ ದೇಹ ಬಳಸುವ ವಿದ್ಯೆ ಒಂದೇ. ಬಲ ಹುಟ್ಟುವುದು ನೆಲಕ್ಕೆ ಒತ್ತಿದ ಪಾದದಲ್ಲಿ. ಅದು ಮಂಡಿ, ಸೊಂಟ, ಬೆನ್ನು, ಭುಜ, ಮೊಣಕೈ ಹಾದು, ಚಾಟಿಯ ತುದಿಗೆ ವೇಗ ಬರುವಂತೆ ಮಣಿಕಟ್ಟಿಗೆ ಬರುತ್ತದೆ. ಕೈಯೊಂದರ ಬಲದಿಂದ ಕೊಡಲಿ ಬೀಸಿದವನಿಗೆ ಹತ್ತು ತುಂಡಾಗುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ.

ಆ ಬಲ ಹಾದುಬರುವ ಮಂಡಿಯೇ ಬೋಪಣ್ಣನವರಿಗೆ ಕೈಕೊಟ್ಟಿತು. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದುಹೋಗಿತ್ತು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಇಳಿದಾಗ ಕೀಲಿನ ದ್ರವವನ್ನು ಸ್ಪಂಜಿನಂತೆ ಹೀರಿಕೊಂಡು ಬದುಕುತ್ತದೆ. ಒಮ್ಮೆ ಸವೆದರೆ ಮೊದಲಿನಂತೆ ಬೆಳೆಯುವುದು ಕಷ್ಟ. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಆಡುತ್ತಿದ್ದ ಅವರು ಅಯ್ಯಂಗಾರ್ ಯೋಗದ ಮೊರೆ ಹೋದರು. ಆ ಪದ್ಧತಿ ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1930ರ ದಶಕದಲ್ಲಿ ಯೋಗ ಕಲಿತದ್ದು ಮೈಸೂರಿನಲ್ಲಿ, ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ. ಯೋಗದಿಂದ ಮೃದ್ವಸ್ಥಿ ಮರಳಿ ಬರಲಿಲ್ಲ. ತೊಡೆಯ ಸ್ನಾಯುಗಳು ಬಲಗೊಂಡರೆ ಮಂಡಿಯ ಮೇಲಿನ ಹೊರೆ ಹಂಚಿಹೋಗುತ್ತದೆ, ಅಷ್ಟೇ. ಆಟಗಾರನಿಗೆ ಅಷ್ಟು ಸಾಕಾಯಿತು.

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಬೋಪಣ್ಣ–ಮ್ಯಾಥ್ಯೂ ಎಬ್ಡೆನ್ ಜೋಡಿ ಇಟಲಿಯ ಬೊಲೆಲಿ–ವವಸೊರಿ ಜೋಡಿಯನ್ನು 7–6, 7–5ರಿಂದ ಸೋಲಿಸಿತು. ಟೈಬ್ರೇಕರ್‌ನಲ್ಲಿ ಎದುರಾಳಿಗಳಿಗೆ ಒಂದೂ ಪಾಯಿಂಟ್ ಸಿಗಲಿಲ್ಲ. ಎರಡು ದಿನಗಳ ನಂತರ ಬೋಪಣ್ಣ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಆದರು. ಆಗ ಅವರ ವಯಸ್ಸು 43 ವರ್ಷ 331 ದಿನ; ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೇರಿದ ಪುರುಷ ಆಟಗಾರ ಇನ್ನೊಬ್ಬರಿರಲಿಲ್ಲ.

ಭಾರತದ ಇನ್ನೊಬ್ಬ ಡಬಲ್ಸ್ ಆಟಗಾರ ಮಹೇಶ್ ಭೂಪತಿ ಗೆದ್ದ ಗ್ರ್ಯಾಂಡ್‌ಸ್ಲ್ಯಾಮ್‌ಗಳು 12. ಬೋಪಣ್ಣನವರವು 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಸೇರಿ ಎರಡೇ. ಬರೀ ಕಪ್ ಎಣಿಸಿದರೆ ಚರ್ಚೆಗೆ ಅವಕಾಶವೇ ಇಲ್ಲ. ಆದರೆ ಸವೆದ ಮಂಡಿಯ ಮೇಲೆ ನಿಂತು, ತನ್ನ ಅರ್ಧ ವಯಸ್ಸಿನವರ ಸರ್ವ್ ಎದುರಿಸಿ ಶಿಖರ ಮುಟ್ಟಿದ್ದನ್ನು ಅಳೆಯುವ ಅಂಕಣ ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ. ಅದು ಇರಬೇಕಿತ್ತು.

2025ರ ನವೆಂಬರ್ 1ರಂದು ಬೋಪಣ್ಣ ನಿವೃತ್ತಿ ಪ್ರಕಟಿಸಿದರು. ಅದಕ್ಕೆ ಮುಂಚೆ ಅವರು ಕೊನೆಯದಾಗಿ ಆಡಿದ್ದು ಪ್ಯಾರಿಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. 5–7, 6–2, ಆಮೇಲೆ ಹತ್ತು ಪಾಯಿಂಟ್‌ಗಳ ನಿರ್ಣಾಯಕ ಟೈಬ್ರೇಕರ್‌ನಲ್ಲಿ 8–10. ಆ ಎರಡು ಸೆಟ್ಟುಗಳಲ್ಲಿ ಗೆದ್ದವರು ಗಳಿಸಿದ್ದು ಒಂಬತ್ತು ಗೇಮ್, ಸೋತ ಬೋಪಣ್ಣ ಜೋಡಿ ಗಳಿಸಿದ್ದು ಹನ್ನೊಂದು.